ಗಂಗಾವತಿ ಗುಡ್ಡದಲ್ಲಿ ಶಾರ್ಕ್ ಹಲ್ಲು ಸಿಗುತ್ತದಾ?

ಗಂಗಾವತಿ ಹತ್ತಿರದ ಗುಡ್ಡದ ಬುಡದಲ್ಲಿ ಮೂರು ಮೂಲೆಯ ಕಪ್ಪು ಕಲ್ಲು ಸಿಕ್ಕಿದೆ, ಶಾರ್ಕ್ ಹಲ್ಲು ಇರಬಹುದಾ ಎಂದು ಕೇಳಿದ್ದೀರಿ. ಬರೀ ಹಲ್ಲಿನಿಂದ ಹಳೆಯ ಕಡಲು ಹೇಗಿತ್ತೆಂದು ತಿಳಿಯುವುದು ಹೇಗೆ ಎಂದೂ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಭೂವಿಜ್ಞಾನ ಕಲಿಸುತ್ತೇನೆ, ನನಗೆ ತಿಳಿದಷ್ಟು ಹೇಳುತ್ತೇನೆ.

ಅದು ಶಾರ್ಕ್ ಹಲ್ಲಲ್ಲ. ಗಂಗಾವತಿ, ಆನೆಗೊಂದಿ ಕಡೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಶಾರ್ಕ್ ಹಲ್ಲಿನ ಅತಿ ಹಳೆಯ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ. ನಮ್ಮ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಹಲ್ಲು ಅನ್ನುವುದೇ ಇರಲಿಲ್ಲ.

ಹಲ್ಲು ನೋಡಬೇಕಾದರೆ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಹೋಗಬೇಕು. ಸುಮಾರು 10 ಕೋಟಿ ವರ್ಷದ ಹಿಂದೆ ಅಲ್ಲಿ ಕಡಲು ಒಳನುಗ್ಗಿತ್ತು. ಮೊದಲ ಸಲ ಅಲ್ಲಿನ ಜೇಡಿಯಲ್ಲಿ ಉಗುರಿನಷ್ಟು ಚಿಕ್ಕ ಹಲ್ಲು ಕಂಡಾಗ ನಾನು ಮೊಣಕಾಲೂರಿ ಕೂತುಬಿಟ್ಟಿದ್ದೆ. ಹೊಳಪು ಹಾಗೇ ಇತ್ತು!

ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ಬೇಗ ಕೊಳೆತುಹೋಗುತ್ತದೆ. ಹಲ್ಲು ಗಟ್ಟಿ. ಅದು ಬದುಕಿನುದ್ದಕ್ಕೂ ಸಾವಿರಾರು ಉದುರಿ, ಹೊಸದು ಬರುತ್ತಲೇ ಇರುತ್ತದೆ. ಸೂಜಿಯಂಥ ಹಲ್ಲಿದ್ದರೆ ಜಾರುವ ಮೀನು ಹಿಡಿಯುತ್ತಿತ್ತು. ಅಗಲವಾಗಿ ಗರಗಸದಂತಿದ್ದರೆ ದೊಡ್ಡ ಪ್ರಾಣಿಯ ಮಾಂಸ ಕೊಯ್ಯುತ್ತಿತ್ತು. ಚಪ್ಪಟೆಯಾಗಿದ್ದರೆ ತಳದಲ್ಲಿ ಚಿಪ್ಪು ಒಡೆದು ತಿನ್ನುತ್ತಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಹಲ್ಲಿನೊಳಗಿನ ಆಮ್ಲಜನಕ. ಅದರಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಹಲ್ಲು ಬೆಳೆಯುವಾಗ ನೀರು ತಣ್ಣಗಿದ್ದರೆ ಭಾರದ್ದು ಜಾಸ್ತಿ ಸೇರುತ್ತದೆ, ಬೆಚ್ಚಗಿದ್ದರೆ ಕಡಿಮೆ. ಹಲ್ಲಿನ ಹೊರಪದರ ಎಷ್ಟು ಗಟ್ಟಿಯೆಂದರೆ ಕೋಟಿಗಟ್ಟಲೆ ವರ್ಷವಾದರೂ ಈ ಲೆಕ್ಕ ಅಳಿಸದೆ ಉಳಿಯಬಲ್ಲದು. ಆದರೆ ಒಂದು ತೊಡಕಿದೆ. ನದಿಯ ಸಿಹಿನೀರಿನಲ್ಲೂ ಭಾರದ ಆಮ್ಲಜನಕ ಕಡಿಮೆ. ಹಾಗಾಗಿ ಕಡಲು ಬೆಚ್ಚಗಿತ್ತಾ, ಅಥವಾ ಅದು ನದಿ ಸೇರುವ ಅಳಿವೆಯಾ? ಹಲ್ಲೊಂದೇ ಹೇಳುವುದಿಲ್ಲ. ಪಕ್ಕದ ಚಿಪ್ಪು, ಮಣ್ಣಿನ ಪದರ ಎಲ್ಲ ನೋಡಬೇಕು. ಹಲ್ಲಿನ ಅಂಚು ಸವೆದು ದುಂಡಗಾಗಿದ್ದರೆ ಇನ್ನೂ ಎಚ್ಚರ ಬೇಕು. ಅದು ಬೇರೆ ಕಡೆಯಿಂದ ಉರುಳಿ ಬಂದಿರಬಹುದು. ದೊಡ್ಡ ಹಲ್ಲನ್ನಷ್ಟೇ ಆರಿಸಿಕೊಂಡು ಬಂದರೂ ತಪ್ಪು ಚಿತ್ರ ಸಿಗುತ್ತದೆ. ಮಣ್ಣನ್ನು ನೀರಲ್ಲಿ ನೆನೆಸಿ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದಾಗಲೇ ಪುಟ್ಟ ಶಾರ್ಕ್‌ಗಳೂ ಲೆಕ್ಕಕ್ಕೆ ಬರುವುದು.

ಅಂದಹಾಗೆ, ನಮ್ಮ ಕಡೆ ಕಡಲು ಇರಲೇ ಇಲ್ಲ ಅಂದುಕೊಳ್ಳಬೇಡಿ. ಸಂಡೂರಿನ ಅದಿರಿನಲ್ಲಿ ಕೆಂಪು, ಕಪ್ಪು ಪಟ್ಟೆ ನೋಡಿದ್ದೀರಲ್ವಾ? ಅದು ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಪದರವಾದದ್ದು. ಆ ಕಡಲಿನಲ್ಲಿ ಮೀನಿಲ್ಲ, ಬರೀ ಸೂಕ್ಷ್ಮಜೀವಿಗಳು.

ಇನ್ನು ನಿಮ್ಮ ಕಲ್ಲು. ಅಂಚಿನಲ್ಲಿ ಚಕ್ಕೆ ಎಬ್ಬಿಸಿದ ಗುರುತಿದೆಯಾ ನೋಡಿ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದ ಜನ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಕೊಪ್ಪಳ, ರಾಯಚೂರು ಕಡೆಯೂ ಹಳೆಯ ಜನರ ನೆಲೆಗಳಿವೆ. ಅಂಥ ಗುರುತಿದ್ದರೆ ನಿಮ್ಮದೂ ಹಳೆಯ ಜನರ ಉಪಕರಣವಿರಬಹುದು, ತೊಳೆದು ಉಜ್ಜಬೇಡಿ. ಸಿಕ್ಕ ಜಾಗದ ಫೋಟೋ ತೆಗೆದು, ಬಳ್ಳಾರಿಯ ರಾಬರ್ಟ್ ಬ್ರೂಸ್ ಫುಟ್ ವಸ್ತುಸಂಗ್ರಹಾಲಯದಲ್ಲಿ ತೋರಿಸಿ. ಎರಡೂ ಬದಿಯ ಫೋಟೋ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.