ಚುನಾವಣೆಗೆ ತಮ್ಮ ನಿಂತಾಗ ಸರ್ಕಾರಿ ಶಾಲೆ ಮೇಷ್ಟ್ರು ಏನು ಮಾಡಬಹುದು?

ಮೇಷ್ಟ್ರೇ, ನನ್ನ ತಮ್ಮ ವಿಧಾನಸಭೆಗೆ ನಿಂತಿದ್ದಾನೆ, ರಜೆ ಹಾಕಿ ಪ್ರಚಾರಕ್ಕೆ ಹೋಗಬಹುದಾ, ಬೇರೆ ಕ್ಷೇತ್ರದಲ್ಲಿ ಚುನಾವಣಾ ಡ್ಯೂಟಿ ಬಿದ್ದರೆ ನನ್ನ ಓಟಿನ ಗತಿ ಏನು ಅಂತ ಕೇಳಿದ್ದೀರಿ.

ದಯವಿಟ್ಟು ಪ್ರಚಾರಕ್ಕೆ ಹೋಗಬೇಡಿ. ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ ಅಲ್ವಾ? ಕರ್ನಾಟಕದ 2021ರ ನಡತೆ ನಿಯಮಗಳು ಅದಕ್ಕೆ ಒಪ್ಪುವುದಿಲ್ಲ. ಬೈಕಿಗೆ ಪಕ್ಷದ ಚಿಹ್ನೆ ಅಂಟಿಸುವುದೂ ಬೇಡ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ಬೂತಲ್ಲಿ ಸುಮ್ನೆ ಏಜೆಂಟಾಗಿ ಕೂತ್ಕೋ ಅಣ್ಣಾ’ ಅಂತ ತಮ್ಮ ಕರೆದರೆ ಖಂಡಿತ ಕೂರಬೇಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಕಲಂ ಪ್ರಕಾರ ಅದು ಅಪರಾಧ. 3 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಒಡಹುಟ್ಟಿದವನಿಗೆ ಇಲ್ಲ ಅನ್ನುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ನೌಕರಿ ನಿಮ್ಮ ಮನೆಯ ಅನ್ನ.

ಓಟು ಮಾತ್ರ ನಿಮ್ಮ ಹಕ್ಕು, ಬಿಡಬೇಡಿ. ಯಾರಿಗೆ ಹಾಕಿದಿರಿ ಅಂತ ಹೇಳಿಕೊಂಡು ತಿರುಗಬಾರದು, ಅಷ್ಟೇ. ಡ್ಯೂಟಿ ಆದೇಶ ಬಂದ ಕೂಡಲೇ ನಮೂನೆ 12 ತುಂಬಿ ಅಂಚೆ ಮತಪತ್ರ ಕೇಳಿ. ಮತದಾನಕ್ಕೆ ಕನಿಷ್ಠ 7 ದಿನ ಮೊದಲೇ ಕೊಟ್ಟುಬಿಡಿ. ನಿಮ್ಮ ಕ್ಷೇತ್ರದಲ್ಲೇ ಡ್ಯೂಟಿ ಬಿದ್ದರೆ ನಮೂನೆ 12ಎ ಸಾಕು. ಆಗ ಸಿಗುವ ಪ್ರಮಾಣಪತ್ರ ತೋರಿಸಿ ಡ್ಯೂಟಿಯ ಬೂತಿನಲ್ಲೇ ಓಟು ಹಾಕಬಹುದು.