ರವಿವಾರ ಬೆಂಚು ಖಾಲಿ ಅಂದವರಿಗೆ

60 ಮನೆಗಳ ಚರ್ಚಿನ ಸಭೆಗೆ ರವಿವಾರದ ಆರಾಧನೆಗೆ 20 ಜನ ಬರುತ್ತಿದ್ದರೆ, ವಿಶ್ವಾಸ ಕುಗ್ಗಿದ್ದೇ ಕಾರಣ ಅಂತ ನನಗನಿಸುವುದಿಲ್ಲ. ಬಹುಶಃ ಕೆಲವರು ಗೋವಾ, ಪುಣೆ ಕಡೆ ದುಡಿಯಲು ಹೋಗಿದ್ದಾರೆ, ಉಳಿದವರನ್ನು ಯಾರೂ ವಿಚಾರಿಸಿಲ್ಲ. ಬಾಗಲಕೋಟೆ ಕಡೆಯ ನಮ್ಮ ಸಭೆಯಲ್ಲೂ ಹೀಗೇ ಆಗಿತ್ತು.

ಮೊದಲು ಸಭೆಯ ಪಟ್ಟಿ ತೆಗೆದು, ಊರಲ್ಲಿದ್ದೂ ಬಾರದವರ ಹೆಸರು ಬೇರೆ ಬರೆದುಕೊಳ್ಳಿ. ಆಮೇಲೆ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿ, ರೊಟ್ಟಿ ಬಡಿಯುವ ಹೊತ್ತು ಬಿಟ್ಟು. "ಯಾಕೆ ಬರಲ್ಲ" ಅಂತ ಕೇಳಬೇಡಿ. "ಹೇಗಿದ್ದೀರಿ" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ನಮ್ಮಲ್ಲಿ ಹೀಗೆ ಹೋದಾಗ ಒಬ್ಬ ಅಜ್ಜಿ ಒಂದು ತಾಸು ಮಾತಾಡಿ, ಕನ್ನಡಕ ಒಡೆದು ಆರು ತಿಂಗಳಾಯಿತು, ಹಾಡಿನ ಪುಸ್ತಕ ಕಾಣಿಸಲ್ಲ ಅಂದರು. ಅಷ್ಟೇ ಕಾರಣ! ಕನ್ನಡಕ ಮಾಡಿಸಿಕೊಟ್ಟೆವು. ಮರು ರವಿವಾರ ಮೊಮ್ಮಗಳ ಕೈ ಹಿಡಿದು ಬಂದರು.

ಆಮೇಲೆ ಸಮಯ. ಕಬ್ಬು ಕಡಿಯುವ ದಿನಗಳಲ್ಲಿ ಬೆಳಗಿನ ಆರಾಧನೆಗೆ ಬರುವುದು ಕಷ್ಟ. ಸಂಜೆ ಇನ್ನೊಂದು ಇಡಲು ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ಕೇಳಿ. ಹುಡುಗರಿಗೆ ಇದು ಸಾಕಾಗುತ್ತೋ ಇಲ್ಲವೋ ಹೇಳಲಾರೆ. ನಮ್ಮಲ್ಲಿ ತಬಲಾ, ಹಾರ್ಮೋನಿಯಂ ಅವರ ಕೈಗೆ ಕೊಟ್ಟ ಮೇಲೇ ಬಂದರು.

ಹೊಸಬರಿಗೆ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳುವುದು ಬೇಕೇ ಬೇಕು. ಆದರೆ ಗುಳೇದಗುಡ್ಡದಲ್ಲಿ 19ನೇ ಶತಮಾನದಲ್ಲೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬೇರೂರಿದ ಸೀಮೆ ನಮ್ಮದು, ಹಳೆಯ ಕ್ರೈಸ್ತ ಮನೆಗಳೇ ನಾವು ಬಂದು ವಿಚಾರಿಸಲಿ ಅಂತ ಜಾಸ್ತಿ ಕಾಯುತ್ತಿವೆ. ಈ ವಾರ ಐದು ಮನೆಯಿಂದ ಶುರು ಮಾಡಿ.