ನೀನೇ ರಾಜೀನಾಮೆ ಕೊಡು ಅಂದರೆ ಕೊಡಬೇಕಾ?

ಪ್ರಶ್ನೆ: ನಮ್ಮ ಮಾಣಿ ಆರು ವರ್ಷದಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ, ಅಂದರೆ ಸಾಫ್ಟ್‌ವೇರ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದು. ಈಗ ಎಐ ಬಂದಿದೆ, ನಿನಗೆ ಪ್ರಾಜೆಕ್ಟ್ ಇಲ್ಲ, ನೀನೇ ರಾಜೀನಾಮೆ ಕೊಡು ಅಂತ ಎಚ್‌ಆರ್‌ನವರು ಒತ್ತಾಯ ಮಾಡುತ್ತಿದ್ದಾರಂತೆ. ನಮಗಿರುವುದು ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕಿ ರೋಗ. ಊರಿಗೆ ಬಂದುಬಿಡು ಅನ್ನಲಾ?
– ಒಬ್ಬ ತಾಯಿ, ಶಿರಸಿ

ಉತ್ತರ: ಅಮ್ಮಾ, ತೋಟದ ವಿಚಾರ ಆಮೇಲೆ. ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ರಾಜೀನಾಮೆ ಬರೆದುಕೊಟ್ಟರೆ ದಾಖಲೆಯಲ್ಲಿ ಅವನೇ ಬಿಟ್ಟುಹೋದ ಹಾಗಾಗುತ್ತದೆ. ಕಂಪನಿಯೇ ತೆಗೆದರೆ ಲೆಕ್ಕ ಬೇರೆ. ಕಾನೂನಿನ ಕಣ್ಣಲ್ಲಿ ಕಾರ್ಮಿಕ ಅನ್ನಿಸಿಕೊಂಡವರಿಗೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಅದರ ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರವಾಗಿ ಕೊಡಬೇಕು. ಮ್ಯಾನೇಜರ್‌ಗಳಿಗೆ ಇದು ಸಿಗುವುದಿಲ್ಲ. ಆದರೆ ಕೈಕೆಳಗೆ ಯಾರೂ ಇಲ್ಲದೆ ತಾನೇ ಕೂತು ಟೆಸ್ಟಿಂಗ್ ಮಾಡುವವನು, ಹುದ್ದೆಯ ಹೆಸರು ಎಷ್ಟೇ ದೊಡ್ಡದಿರಲಿ, ಕಾರ್ಮಿಕನೇ ಅಂತ ವಾದಿಸಲು ಅವಕಾಶ ಇದೆ. ಗ್ರಾಚ್ಯುಟಿ, ಅಂದರೆ ಸೇವೆ ಮಾಡಿದ ವರ್ಷಗಳ ಲೆಕ್ಕಕ್ಕೆ ಕಂಪನಿ ಕೊಡುವ ಇಡುಗಂಟು ಮಾತ್ರ ರಾಜೀನಾಮೆ ಕೊಟ್ಟರೂ ಬರಲೇಬೇಕು, ಐದು ವರ್ಷ ದಾಟಿದೆಯಲ್ವಾ.

ಎಚ್‌ಆರ್‌ನವರು ಬಾಯಲ್ಲಿ ಹೇಳಿದ್ದನ್ನು ಮೇಲ್‌ನಲ್ಲಿ ಕೊಡಿ ಅಂತ ಕೇಳಲಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳ ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳಲಿ. ಬೆಂಗಳೂರಿನಲ್ಲಿ ಕೆಐಟಿಯು ಅಂತ ಐಟಿ ನೌಕರರದೇ ಸಂಘ ಇದೆ, ಇಂಥ ದೂರುಗಳನ್ನು ಕಾರ್ಮಿಕ ಇಲಾಖೆಯವರೆಗೂ ಒಯ್ಯುತ್ತಾರೆ. ಅವರನ್ನು ಕಾಣಲಿ, ಒಬ್ಬನೇ ಒದ್ದಾಡುವುದು ಬೇಡ.

ಎಐ ಕಾರಣ ಅನ್ನುವುದನ್ನೂ ಪೂರ್ತಿ ನಂಬಬೇಡಿ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ತೆಗೆಯುತ್ತೇವೆ ಅಂದಾಗ ಅದರ ಸಿಇಒ ಕೆ. ಕೃತಿವಾಸನ್ ಅವರೇ, ಇದು ಎಐನಿಂದ ಅಲ್ಲ, ಕೌಶಲ ಹೊಂದಿಕೆಯಾಗದ್ದಕ್ಕೆ ಅಂದಿದ್ದರು. ಹಾಗಂತ ಟೆಸ್ಟಿಂಗ್‌ಗೆ ಪೆಟ್ಟೇ ಬಿದ್ದಿಲ್ಲ ಅಂತ ಸುಳ್ಳು ಸಮಾಧಾನ ಹೇಳಲಾರೆ. ಮತ್ತೆ ಮತ್ತೆ ಅದೇ ಟೆಸ್ಟ್ ಬರೆಯುವ ಕೆಲಸ ಕಡಿಮೆ ಆಗುತ್ತಿದೆ. ಬ್ಯಾಂಕೋ ವಿಮೆಯೋ, ತಾನು ಕೆಲಸ ಮಾಡಿದ ಕ್ಷೇತ್ರದ ವ್ಯವಹಾರ ಗೊತ್ತಿದ್ದರೆ ಅದನ್ನೇ ಮುಂದಿಟ್ಟುಕೊಂಡು ಬೇರೆ ಕಡೆ ಹುಡುಕಲಿ.

ಊರಿಗೆ ಬರಲಿ, ನಾಲ್ಕು ದಿನ ಮನೆ ಊಟ ಮಾಡಿ ನಿದ್ದೆ ಮಾಡಲಿ. ಆದರೆ ರೋಗ ಬಿದ್ದ ಒಂದೂವರೆ ಎಕರೆಯನ್ನೇ ನಂಬಿ ಕೆಲಸ ಬಿಡುವುದು ಬೇಡ.

ಪ್ರಶ್ನೆ: ಪಿಯುಸಿ ಮುಗಿದಿದೆ. ಎಐ ಬಂದಮೇಲೆ ಇನ್ನು ಕಂಪ್ಯೂಟರ್ ಸೈನ್ಸ್ ತಗೊಂಡರೆ ದಡ್ಡತನವಾ?
– ಕಾರವಾರದ ವಿದ್ಯಾರ್ಥಿನಿ

ಉತ್ತರ: ಇಷ್ಟ ಇದ್ದರೆ ಖಂಡಿತ ತಗೋ ತಂಗಿ, ಎಲ್ಲರೂ ಹೋಗುತ್ತಾರೆ ಅಂತ ಮಾತ್ರ ಸುಮ್ನೆ ಹೋಗಬೇಡ. 700 ಜನರ ಕೆಲಸ ಎಐ ಮಾಡುತ್ತಿದೆ ಅಂತ 2024ರಲ್ಲಿ ಹೇಳಿದ್ದ ಸ್ವೀಡನ್ನಿನ ಕ್ಲಾರ್ನಾ ಅನ್ನುವ ಹಣ ಪಾವತಿ ಕಂಪನಿ, ಗುಣಮಟ್ಟ ಕುಸಿಯಿತು ಅಂತ ಮರುವರ್ಷವೇ ಗ್ರಾಹಕರ ಜೊತೆ ಮಾತಾಡಲು ಮತ್ತೆ ಮನುಷ್ಯರನ್ನು ತಗೊಳ್ಳತೊಡಗಿತು. ಗಣಿತ ಗಟ್ಟಿ ಮಾಡಿಕೋ, ಮೊದಲ ವರ್ಷದ ಪ್ರೋಗ್ರಾಂಗಳನ್ನು ಎಐ ಕೈಲಿ ಬರೆಸದೆ ನೀನೇ ಬರೆ.